ಸೊಪ್ಪು ಹಾಕು ಅಂದದ್ದಕ್ಕೆ

ಯಾರಿಗೂ ಸೊಪ್ಪು ಹಾಕದ ನನ್ನ ದೊಡ್ಡವ್ವನಿಗೆ,

ನಿನ್ನ ಕೊಟ್ಟಿಗೆಯ ಬಾಗಿಲಲ್ಲಿ ಬಕೆಟ್ಟು ಬೋರಲು ಹಾಕಿಕೊಂಡು ಕುಳಿತು ಇದನ್ನು ಬರೆಯುತ್ತಿದ್ದೇನೆ. ಒಳಗೆ ನಿನ್ನ ಗೌರಿ ಬೆಳಗಿನಿಂದ ನೋವು ತಿನ್ನುತ್ತಿದ್ದಾಳೆ. ಕಾಗದ ಮೊಣಕಾಲ ಮೇಲಿದೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ನಿನಗೆ ಓದು ಬರುತ್ತಿರಲಿಲ್ಲ ಅನ್ನುವುದೊಂದೇ ಸದ್ಯದ ಸಮಾಧಾನ.

ನೀನು ಹಲಗೂರಿನ ತಂಗಿ ಮನೆಯಿಂದ ಕಾಡು ಸೂರ್ಯಕಾಂತಿಯ ಕಡ್ಡಿಗಳನ್ನು ಕಂಕುಳಲ್ಲಿ ಇರುಕಿಕೊಂಡು ಕೊಪ್ಪದಲ್ಲಿ ಬಸ್ಸಿಳಿದ ದಿನ ನೆನಪಿದೆಯಾ? ಗದ್ದೆಯ ಬದುವಿಗೆ ಚುಚ್ಚಿದೆ, ಅಷ್ಟೇ. ನೀರು ಕೂಡ ಹಾಕಲಿಲ್ಲ. ಅದೂ ನಿನ್ನ ಹಾಗೇ, ಕೇಳದೆಯೇ ಆಳೆತ್ತರ ಬೆಳೆದು, ಬದುವಿನ ತುಂಬ ಹಳದಿ ಹೂ ಬಿಟ್ಟು ನಿಂತಿತು. ಪಕ್ಕದ ಗದ್ದೆಯ ಬೋರಣ್ಣ ಎಣ್ಣೆಯ ಆಸೆಯಿಂದ ದಿನಾ ಬಂದು ನೋಡುತ್ತಿದ್ದ.

"ಯಾವಾಗಕ್ಕಾ ಬೀಜ ಕಟ್ಟೋದು?"

"ಇದು ನಿನ್ನ ಬಾಣಲೀಗಲ್ಲ ಕಣ್ಲಾ, ಗದ್ದೆ ಒಟ್ಟೆಗೆ. ನೀನು ಯೂರಿಯಾ ಅಂಗಡಿ ಮುಂದೆ ನಿಂತ್ಕೋ ಓಗು!"

ಆಮೇಲೆ ಪ್ರತಿ ವರ್ಷ ನೀನು, ಹೂ ಬಿಡುವ ಮೊದಲೇ ಎಳೆ ರೆಂಬೆ ಕೊಯ್ದು, ಕೊಚ್ಚಿ, ಗೊಬ್ಬರವಾಗಲೆಂದು ಕೆಸರಿಗೆ ತುಳಿದು, ಕೊಳೆತ ಮೇಲೆ ನಾಟಿ ಮಾಡಿಸುತ್ತಿದ್ದೆ. "ಊರೋರಿಗೆ ಸೊಪ್ಪು ಆಕಲ್ಲ, ಗದ್ದೆಗ್ ಆಕ್ತೀನಿ" ಎಂದು ಸೊಂಟಕ್ಕೆ ಕುಡುಗೋಲು ಸಿಕ್ಕಿಸಿಕೊಂಡು ಹೊರಟರೆ ದೊಡ್ಡಪ್ಪನೇ ದಾರಿ ಬಿಡುತ್ತಿದ್ದ.

ಮೊನ್ನೆ ನಾನೂ ನಿನ್ನಂತೆಯೇ ಕೊಯ್ದು ಗುಡ್ಡೆ ಹಾಕಿದೆ. ಅಷ್ಟರಲ್ಲಿ ಮದ್ದೂರಿನಲ್ಲಿ ಕೆಲಸ ಬಿತ್ತು. ಅಲ್ಲಿಂದ ಸುಮಿಗೆ ಫೋನು ಮಾಡಿ, "ಆ ಸೊಪ್ಪು ಹಾಕ್ಬುಡು" ಎಂದೆ. ನಾನಂದದ್ದು ಗದ್ದೆಗೆ. ಆದರೆ ನನ್ನ ಹೆಂಡತಿ ಹುಟ್ಟಿ ಬೆಳೆದದ್ದು ಕೊತ್ತತ್ತಿಯ ಹಾಲಿನ ಮನೆಯಲ್ಲಿ. ಅಲ್ಲಿ ಸೊಪ್ಪು ಹಾಕುವುದೆಂದರೆ ಹಸುವಿಗೆ. ಬಂದು ನೋಡಿದರೆ ತುಂಬು ಗಬ್ಬದ ಗೌರಿ ಅರ್ಧ ಗುಡ್ಡೆ ಮುಗಿಸಿ ಮೆಲುಕು ಹಾಕುತ್ತಿದ್ದಾಳೆ!

"ನೀವೇ ತಾನೆ ಯೋಳಿದ್ದು, ಆಕು ಅಂತ?" ಸುಮಿಯ ಮುಖ ಬಿಳಿಚಿತ್ತು.

ದನದ ಡಾಕ್ಟರು, "ಆಡೇನೋ ತಿನ್ನುತ್ತೆ, ಗಬ್ಬದ ಹಸು ಇಷ್ಟೊಂದು ತಿಂದ್ರೆ ಏನಾಗುತ್ತೋ ಹೇಳೋಕಾಗಲ್ಲ. ಕಣ್ಣಿಟ್ಟಿರಿ" ಎಂದರು. ಸಾಂತ್ವನ ಹೇಳಲು ಬಂದ ಬೋರಣ್ಣ, "ಕಾಂಗ್ರೆಸ್ ಗಿಡದ ದಾಯಾದಿ ಕಣ್ಲಾ ಅದು, ಬುಡು, ಎದರ್ಕೋಬ್ಯಾಡ" ಎಂದು ಇದ್ದಬದ್ದ ಧೈರ್ಯವನ್ನೂ ಎತ್ತಿಕೊಂಡು ಹೋದ.

ಅಂದಿನಿಂದ ನನ್ನ ಎದೆಯೊಳಗೆ ಭತ್ತದ ಮಿಷನ್ನು ಓಡುತ್ತಿದೆ. ಪ್ರಾಣ ಹೋಗುವಾಗ ನನ್ನ ಕೈ ಹಿಡಿದು ನೀನು ಜಮೀನಿನ ಮಾತೆತ್ತಲಿಲ್ಲ. "ಗೌರೀನ ನೋಡ್ಕೊಳ್ಲಾ. ಒಂದ್ ಎಣ್ ಕರ ಉಳುಸ್ಕೊ" ಎಂದೆ. ಈಗ ನೀನೇ ನೆಟ್ಟ ಗಿಡದಿಂದ, ನನ್ನದೇ ಒಂದು ಮಾತಿನಿಂದ, ಆ ಕರು ಒಳಗೇ... ಬೇಡ, ಬರೆಯಲಾರೆ. ಬರೆದರೆ ನಿಜವಾಗಿಬಿಟ್ಟರೆ?

ಇರು, ಸುಮಿ ಕೂಗುತ್ತಿದ್ದಾಳೆ.

ದೊಡ್ಡವ್ವ, ಕಾಗದಕ್ಕೆ ಅಂಟಿರುವ ಕಲೆ ನೋಡಿ ಗಾಬರಿಯಾಗಬೇಡ. ಕರುವಿನ ಕಾಲು ಹಿಡಿದು ಎಳೆದವನು ನಾನೇ. ಈಚೆ ಬಿದ್ದಾಗ ಅದಕ್ಕೆ ಉಸಿರೇ ಇರಲಿಲ್ಲ. ಸುಮಿ ಮೂಗಿನ ಲೋಳೆ ಬಳಿದು, ಹುಲ್ಲಿನಿಂದ ತಿಕ್ಕಿ ತಿಕ್ಕಿ, "ಏಳವ್ವ, ಏಳೇ" ಎಂದು ಅಳುತ್ತಿದ್ದಳು. ಆಮೇಲೆ ಒಂದು ಸೀನು! ಎದ್ದು ನಿಂತದ್ದೇ ತಡ, ಕೆಚ್ಚಲಿನ ಕಡೆ ತಳ್ಳಲು ಹೋದ ನನ್ನನ್ನು ತಲೆಯಿಂದ ಗುದ್ದಿತು.

"ಇದೂ ಯಾರ್ಗೂ ಸೊಪ್ಪು ಆಕಲ್ಲ ಕಣ್ರೀ" ಎಂದಳು ಸುಮಿ, ಅಳುತ್ತಲೇ.

ಗೌರಿ ಕರು ಹಾಕಿದಳು, ದೊಡ್ಡವ್ವ. ಹೆಣ್ಣು. ಇನ್ನು ಕರುವಿನ ಹಿಂದೆ ಬರುವ ಮಾಸು ಹಾಕಬೇಕು. ಅದು ಬೀಳುವವರೆಗೆ ಈ ಬಕೆಟ್ಟು ಬಿಟ್ಟು ಏಳುವುದಿಲ್ಲ, ನಿನ್ನಾಣೆ.