ಕೆಂಪಪ್ಪ ಹೋದ ತಾರೀಖು

೯ ಸೆಪ್ಟೆಂಬರ್ ೧೯೯೪, ಹೊನ್ನಾವರ

ಇವತ್ತೂ ಹಾಯಿದೋಣಿ. ಎಂಜಿನ್ ಸದ್ದಿಲ್ಲದಿದ್ದರೆ ಮೀನುಗಾರರು ಬಾಯಿಬಿಡುತ್ತಾರೆ, ಟೇಪಿಗೂ ಸ್ಪಷ್ಟ. ನನ್ನ ಥೀಸಿಸ್ಸಿನ ವಿಷಯ ಸಮುದ್ರದ ಭಯ. ಸಮುದ್ರಕ್ಕೆ ಹೆದರುತ್ತೀರಾ ಎಂದರೆ ಎಲ್ಲರೂ ನಗುತ್ತಾರೆ. ಶಿಕಾರಿಪುರ ಕಡೆಯ ಕೂಲಿ ಕೆಂಪಪ್ಪ ಮಾತ್ರ ಹೂಂ ಎಂದ. ಈಜು ಬಾರದು. ಹಾಯಿಯ ಹಗ್ಗ ಎಳೆಯಲು ನಾನೇ ಇಟ್ಟುಕೊಂಡದ್ದು.

೧೧ ಸೆಪ್ಟೆಂಬರ್

ಗಾಳಿ ತಿರುಗಿತು. ಹಾಯಿಯ ಅಡ್ಡಮರ ಬಡಿದು ಕೆಂಪಪ್ಪ ನೀರಿಗೆ. ಹೆಣವೂ ಸಿಗಲಿಲ್ಲ. ಮನೆಗೆ ನಾನೇ ತಿಳಿಸುತ್ತೇನೆ ಎಂದು ಎಲ್ಲರಿಗೂ ಹೇಳಿದೆ.

೨೮ ಸೆಪ್ಟೆಂಬರ್, ಕೆಂಪಪ್ಪನ ಊರು

ಈಸೂರಿನಲ್ಲಿ ಬಸ್ಸಿಳಿದು ನಡೆದೆ. ಹೆಂಡತಿ ಶಕುಂತಲಮ್ಮ ಮಗುವನ್ನು ಕಂಕುಳಲ್ಲಿಟ್ಟುಕೊಂಡೇ ಕಾಫಿ ಕೊಟ್ಟಳು. ಸಮುದ್ರ ಕಂಡವಳಲ್ಲ. ಕಾಣದ ಸಮುದ್ರಕ್ಕೆ ಗಂಡನನ್ನು ಕಳಿಸಿದವಳು... ಥೀಸಿಸ್ಸಿಗೆ ಬೇಕಾದದ್ದೇ ಇಂಥವಳು. ಸುದ್ದಿ ಹೇಳಿದರೆ ಅಳು, ಇಂಟರ್‌ವ್ಯೂ ಹಾಳು. ಮೊದಲು ಟೇಪ್ ಮುಗಿಯಲಿ.

“ನಮ್ಮೋರು ಹುಷಾರಾಗಿದಾರೇನ್ರೀ?”

ಹೂಂ ಎಂದೆ.

೨ ಅಕ್ಟೋಬರ್

ಕೆರೆ ಕೋಡಿ ಬಿದ್ದಿದೆ. ಮುತ್ತೈದೆಯರ ಬಾಗಿನ. ವಿಧವೆ ಬಾಗಿನ ಮುಟ್ಟಿದರೆ ಗಂಗೆ ಮುನಿಯುತ್ತಾಳಂತೆ, ಊರಿಗೇ ಕೇಡಂತೆ. ಶಕುಂತಲಮ್ಮ ಮೊರ ಹಿಡಿದು ನೀರಿಗಿಳಿದಳು.

“ಕೆರೆ ನೀರು ಸಮುದ್ರಕ್ಕೇ ಹೋಗೋದಲ್ರೀ. ಇದು ಅವ್ರಿಗೇ ಮುಟ್ಲಿ.”

ಈ ನೀರು ಸೇರುವುದು ಪೂರ್ವದ ಸಮುದ್ರಕ್ಕೆ. ತಿದ್ದಲಿಲ್ಲ. ತಡೆಯಲೂ ಇಲ್ಲ. ಚಿನ್ನದಂಥ ಮಾತು, ಟೇಪಿಗೆ ಬಂತು. ಫೋಟೋ ತೆಗೆದೆ. ಖುಷಿಯಾಗಿದೆ.

೨೪ ಅಕ್ಟೋಬರ್

ಕರಾವಳಿಯಿಂದ ಮರಳಿದ ಕೂಲಿಯೊಬ್ಬ ಕೆಂಪಪ್ಪ ಸತ್ತ ಸುದ್ದಿ ತಂದ. ಯಾವತ್ತು, ಯಾವ ದೋಣಿ, ಅವನಿಗೆ ಗೊತ್ತಿಲ್ಲ. ಶಕುಂತಲಮ್ಮನ ಬಳೆ ತೆಗೆದರು. ಅಳು ಮುಗಿಯುವ ಮೊದಲೇ ಅತ್ತೆ ದುರ್ಗಮ್ಮ ಶುರು ಮಾಡಿದಳು — ಬಾಗಿನಕ್ಕೆ ಮೊದಲೇ ಹೋಗಿದ್ದನೋ, ಆಮೇಲೋ? ಮೊದಲೇ ಆಗಿದ್ದರೆ ಇವಳು ಕೆರೆ ಕೆಡಿಸಿದವಳು. ಆನವಟ್ಟಿಯ ತವರಿಗೆ ಅಟ್ಟುವುದು. ಮಗು ಇಲ್ಲೇ.

೨೫ ಅಕ್ಟೋಬರ್

ಅರಳಿಕಟ್ಟೆಯಲ್ಲಿ ಹಿರಿಯರು ಸೇರಿದ್ದರು. ಇಂಥದ್ದು ಮತ್ತೆ ಸಿಗುವುದಿಲ್ಲ. ಟೇಪ್ ಹಾಕಿ ಕೂತೆ.

“ನಿಮ್ಗೆ ಆ ಕಡೆ ಬಳಕೆ ಐತಲ್ರೀ ಸರ್. ಯಾವತ್ತು ಹೋದ ಅಂತ ವಿಚಾರಿಸಿ ಹೇಳ್ರಿ,” ಎಂದರು ಹಿರಿಯ ರಾಜಪ್ಪನವರು.

ಶಕುಂತಲಮ್ಮ ಮಗುವನ್ನು ಅವಚಿಕೊಂಡು ನನ್ನನ್ನೇ ನೋಡುತ್ತಿದ್ದಳು. ಬಾಗಿನದ ನಂತರದ ಯಾವ ತಾರೀಖಾದರೂ ಸಾಕಿತ್ತು. ಆದರೆ ತಾರೀಖು ತಿರುಚುವವನು ಸಂಶೋಧಕನೇ ಅಲ್ಲ.

“ವಿಚಾರಿಸೋದೇನಿದೆ? ಸೆಪ್ಟೆಂಬರ್ ಹನ್ನೊಂದು.”

ದುರ್ಗಮ್ಮ ಎದ್ದು ಮಗುವನ್ನು ಕಿತ್ತುಕೊಂಡಳು. ಶಕುಂತಲಮ್ಮ ಅತ್ತೆಯ ಕಡೆ ತಿರುಗಲಿಲ್ಲ. ನನ್ನ ಹತ್ತಿರ ಬಂದಳು.

“ಗೊತ್ತಿದ್ದೂ ಫೋಟೋ ತೆಗುದ್ರೇನ್ರೀ?”

ಟೇಪ್ ಓಡುತ್ತಿತ್ತು. ನಾನು ಮೈಕನ್ನು ಅವಳ ಹತ್ತಿರಕ್ಕೆ ಸರಿಸಿದೆ.