ಪಂಡರಿಯ ಗಿಟಾರಿಗೆ ಏಳನೇ ಕೈ ಪಾಲಿಶ್

ನೋಡ್ರಿ, ಮುಂಜಾನಿ ಬಸ್ಸಿಗಿ ಚಿಟಗುಪ್ಪಕ್ಕ ತವರಮನಿಗಿ ಹೊಂಟೀನಿ. ನಿಮಗ ನಿದ್ದಿ ಹತ್ತಿತ್ತು, ಎಬ್ಬಿಸದ ಈ ಚೀಟಿ ಬರದಿಟ್ಟೀನಿ. ಸಂಜಿಗಿ ಬರ್ತೀನಿ.

ಕುರಿ ನಿಮ್ಮ ತಮ್ಮ ಹೊಡಕೊಂಡು ಹೋಗ್ಯಾನ. ತಬ್ಬಲಿ ಮರಿಗಿ ಮೊದಲ ಹಾಲು ಕುಡಸ್ರಿ, ಆಮ್ಯಾಲ ನೀವು ಉಣ್ರಿ. ಬುಟ್ಟ್ಯಾಗ ರೊಟ್ಟಿ, ಪುಂಡಿಪಲ್ಯ ಅವ.

ಬಾಗಿಲ ತೆರದಿಡಬ್ಯಾಡ್ರಿ. ಬಾಜೂದವರು ಇವತ್ತ ತೊಗರಿ ತೂರ್ತಾರ, ಹೊಟ್ಟು ಬಂದು ಗಿಟಾರಿನ ಮ್ಯಾಲ ಕೂಡ್ತದ.

ಒಂದ್ ಮಾತು ಖರೇ ಹೇಳ್ತೀನಿ. ಹೈದರಾಬಾದಿನ ಹಳೇ ಸಾಮಾನಿನ ಬಜಾರದಿಂದ ಅದನ್ನ ತಂದಾಗ, ಹಸಿರು ಟ್ರಂಕ್ ತಂದಾರ ಅಂತ ನಕ್ಕಿದ್ದೆ. ಎರಡು ತಿಂಗಳು ಗಾಜಿನ ಚೂರಿನಿಂದ ಆ ಹಸಿರು ಬಣ್ಣ ಕೆರೆದ್ರಿ, ಕಟ್ಟಿಗಿಗಿ ಒಂದ್ ಗೀರು ಬೀಳಲಿಲ್ಲ. ಕುರಿ ಉಣ್ಣೆ ಕತ್ತರಿಸೋ ಕೈ ಇಷ್ಟು ಹಗುರ ಅದ ಅಂತ ನನಗ ಗೊತ್ತಿರಲಿಲ್ಲ. ಮರಿ ಉಣ್ಣೆ ಅರಿವ್ಯಾಗ ಸುತ್ತಿ ಪಾಲಿಶ್ ತಿಕ್ಕಿದ್ರಿ. ಈಗ ಅದರಾಗ ನನ್ನ ಮುಖ ಕಾಣ್ತದ.

ಆದರ ಆರು ಕೈ ಆತು. ನಾ ಸಂತ್ಯಾಗ ಗಡಿಗಿ ಬಡದು ನೋಡಿ ತರಾಕಿ. ನಿನ್ನಿ ನೀವು ಇಲ್ಲದಾಗ ಗಿಟಾರನ್ನೂ ಬಡದು ನೋಡಿದೆ. ಮೊದಲ ಠಣ್ ಅಂತಿತ್ತು, ಈಗ ಹಸಿ ಗಡಿಗಿ ಹಾಂಗ ದಪ್ ಅಂತದ. ಇನ್ನೊಂದು ಕೈ ಬಳದ್ರ ಪೂರಾ ಮೂಕ ಆಗ್ತದ.

ಅದು ನಿಮಗೂ ಗೊತ್ತದ. ತಂತಿ ಹಾಕಿದ್ರ ಬಾರಿಸಬೇಕಾಗ್ತದ ಅಂತ ಹೆದರಾಕತ್ತೀರಿ. ಆರೂ ತಂತಿ ಹಿಟ್ಟಿನ ಡಬ್ಬಿ ಮ್ಯಾಲ ಇಟ್ಟೀನಿ. ತಪ್ಪು ಬಾರಿಸಿದ್ರ ಕೇಳಾಕ ಮನ್ಯಾಗ ಮರಿ ಒಂದೇ ಅದ.

ಪಾಲಿಶ್ ಬಾಟ್ಲಿ ಹುಡುಕಬ್ಯಾಡ್ರಿ. ಅದೂ ನನ್ನ ಸಂಗಟ ಚಿಟಗುಪ್ಪಕ್ಕ ಹೊಂಟದ.

ಸಖುಬಾಯಿ