ನಲವತ್ತೆರಡು ಕಿಲೋ

೪ ಜನವರಿ ೧೯೮೪, ಇಳಕಲ್ಲ

ಮತ್ತೆ ಶೇಂಗಾ ಉಂಡಿ. ಮೇಲೆ ತುಪ್ಪ ಹಾಕಿದ ಹಾಲು. ತಿಂದು ತಿಂದು ದವಡೆ ಸೋತಿದೆ. ತೂಕ ಮಾತ್ರ ಮೂವತ್ತಾರಕ್ಕೇ ಗೂಟ ಹೊಡೆದುಕೊಂಡು ಕೂತಿದೆ.

ಪೇಟೆಯಲ್ಲಿ ಬಂದೇನವಾಜ ಕಾಕಾನ ಗೋದಾಮಿನಲ್ಲಿ ಶೇಂಗಾ ಚೀಲ ತೂಗುವ ದೊಡ್ಡ ಕಾಟಾ ಇದೆ. ಇಳಕಲ್ಲಿನಲ್ಲಿ ನನ್ನ ತೂಕ ಅಲ್ಲೇ. ಇವತ್ತು ಹತ್ತಿ ನಿಂತೆ. ಕಾಕಾ ಕಣ್ಣು ಕಿರಿದು ಮಾಡಿ ನೋಡಿದ.

“ಏನ್ ಗುರುಲಿಂಗವ್ವಾ, ಚೀಲ ಝಾಡಿಸಿದ್ರ ಬೀಳೂ ಧೂಳ ನಿನಗಿಂತ ಹೆಚ್ಚ ತೂಗತೈತಿ!”

ನಕ್ಕೆ. ನಗಲೇಬೇಕು, ಪುಕ್ಕಟೆ ತೂಗುತ್ತಾನೆ.

ಸೊಲ್ಲಾಪುರದ ಡಾಕ್ಟರು ತಿಂಗಳಿಗೊಮ್ಮೆ ರೈಲಿಗೆ ಬಾಗಲಕೋಟೆಗೆ ಬರುತ್ತಾರೆ. ಹೋದ ತಿಂಗಳು ನನ್ನ ಗದ್ದ ಹಿಡಿದು ಎತ್ತಿ ನೋಡಿದರು, ಎತ್ತಲು ಬಂದಷ್ಟು. “ಆಗ್ತದವಾ. ತೊಡೀದು ಚರ್ಮ ತಗದು ಕುತ್ತಿಗಿಗೆ ಹಚ್ಚೂದು. ಗದ್ದ ಮ್ಯಾಲೆ ಬರ್ತದ, ತುಟಿ ನೆಟ್ಟಗಾಗ್ತದ. ಆದ್ರ ಇಂಥಾ ಮೈ ಮ್ಯಾಲೆ ನಾ ಕತ್ರಿ ಹಾಕೂದಿಲ್ಲ. ಮೈಯಾಗ ಕಸುವಿಲ್ಲಂದ್ರ ಹಚ್ಚಿದ್ದು ಹಿಡಿಯೂದಿಲ್ಲ, ನೀ ನಿದ್ದೀ ಔಷಧ ತಡಕೊಳ್ಳೂದಿಲ್ಲ. ನಲವತ್ತೆರಡು ಕಿಲೋ ಆಗಿ ಬಾ.”

ಪ್ಲಾಸ್ಟಿಕ್ ಸರ್ಜರಿ ಅಂದಾಗ ಅವ್ವ ಗಾಬರಿಯಾಗಿದ್ದಳು. “ಬಿಸಲಿಗೆ ಕರಗೂದಿಲ್ಲೇನ್ರಿ ಡಾಕ್ಟ್ರ?” ಅಂತ ಕೇಳಿಯೇಬಿಟ್ಟಳು. ದವಾಖಾನೆಗೆ ದವಾಖಾನೆಯೇ ನಕ್ಕಿತು.

ಒಂಬತ್ತು ವರ್ಷದವಳಿದ್ದಾಗ ಸ್ಟೋವ್ ಸಿಡಿದದ್ದು. ಸುಟ್ಟ ಕುತ್ತಿಗೆಯ ಚರ್ಮ ಬಿಗಿದು ಗದ್ದವನ್ನು ಎದೆಗೆ ಎಳೆದುಕೊಂಡಿತು, ಅವತ್ತಿನಿಂದ ನೆಲ ನೋಡಿಕೊಂಡೇ ಇದ್ದೇನೆ. ಮಗ್ಗಕ್ಕೆ ತಲೆ ತಗ್ಗಿಸಿಯೇ ಕೂರಬೇಕು, ಗುರುಲಿಂಗವ್ವನಿಗೆ ಹೇಳಿ ಮಾಡಿಸಿದ ಕೆಲಸ ಅಂತ ಓಣಿಯವರ ಹೊಗಳಿಕೆ. ಹಾಳಾದವರು.

೧೫ ಜನವರಿ

ತಂಗಿ ಸಿದ್ದಿಯನ್ನು ನೋಡಲು ಶಿರೂರಿನವರು ಬಂದಿದ್ದರು. ನನ್ನನ್ನು ಮಗ್ಗದ ಕೋಣೆಯಲ್ಲಿ ಕೂಡಿಸಿ ಬಾಗಿಲು ಮುಂದೆ ಮಾಡಿದರು. ಒಳಗೆ ಕೂತು ಎಲ್ಲ ಕೇಳಿದೆ. ಹುಡುಗನ ತಾಯಿ, “ಇಬ್ಬರ ಮಕ್ಕಳಂತ ಕೇಳಿದ್ವಿ, ದೊಡ್ಡಾಕಿ ಎಲ್ಲಿ?” ಅಂದಳು. ಅವ್ವ, “ಮಾಂವಾರ ಊರಿಗೆ ಹೋಗ್ಯಾಳ್ರಿ” ಅಂದಳು. ಎರಡು ಮಾರು ದೂರದಲ್ಲಿದ್ದೆ ನಾನು.

ಗಟ್ಟಿಯಾಯಿತು. ವೈಶಾಖದಲ್ಲಿ ಲಗ್ನ.

ಸಂಜೆ ಅವ್ವ ನನ್ನ ತಟ್ಟೆಗೆ ತುಪ್ಪ ಹಾಕುತ್ತ, ನನ್ನ ಕಡೆ ನೋಡದೆ ಹೇಳಿದಳು: “ಲಗ್ನದಾಗ ಅಡಿಗಿಮನಿ ನೀ ನೋಡ್ಕೊ. ಮುಂದ ಬಂದ್ರ ಮಂದಿ ಒಂದ್ ಮಾತಾಡ್ತಾರ.”

ತಂಗಿ ತಟ್ಟೆ ಸರಿಸಿ ಎದ್ದಳು. “ಅಕ್ಕ ಬಾಜೂಕ ನಿಂದರ್ದಿದ್ರ ನಾ ಅಕ್ಕಿಕಾಳ ಹಾಕಿಸ್ಕೊಳ್ಳೂದಿಲ್ಲ.” ಅವ್ವ ಅತ್ತಳು, ಅವಳೂ ಅತ್ತಳು. ನಾನು ಊಟ ಮಾಡಿದೆ. ತೂಕ ಆಗಬೇಕಲ್ಲ.

ಹಂದರದಲ್ಲಿ ಸಿದ್ದಿಯ ಪಕ್ಕ ನಿಲ್ಲಬೇಕು. ಗದ್ದ ಎತ್ತಿ ನಿಲ್ಲಬೇಕು. ಶಿರೂರಿನವರು ಕಣ್ಣು ತುಂಬ ನೋಡಲಿ. ಬೇರೆ ಏನೂ ಬೇಡ ನನಗೆ.

೧೮ ಜನವರಿ, ಬಾಗಲಕೋಟೆಯಿಂದ ಬಂದು

ಮೂವತ್ತೇಳು. ಡಾಕ್ಟರಿಗೆ ಖುಷಿಯಾಗಲಿಲ್ಲ. ತತ್ತಿ ತಿನ್ನು ಅಂದರು. ಅವ್ವ ಕೊರಳ ಲಿಂಗ ಹಿಡಿದುಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು.

ಇನ್ನೊಂದು ಮಾತು... ಮಾರ್ಚ್ ತಿಂಗಳೇ ಕಡೆ. ಆಮೇಲೆ ಡಾಕ್ಟರು ಪರದೇಶಕ್ಕೆ. ಮತ್ತೆ ಬರುವವರು ಯಾರು, ಯಾವಾಗ, ಯಾರಿಗೂ ಗೊತ್ತಿಲ್ಲ.



೯ ಫೆಬ್ರವರಿ

ವಾರವಿಡೀ ಜ್ವರ. ಇವತ್ತು ಎದ್ದು ಮಗ್ಗಕ್ಕೆ ಕೂತೆ. ಎಳೆಗಳೆಲ್ಲ ಒಂದರೊಳಗೊಂದು ಕಲೆಸಿದಂತೆ ಕಂಡವು. ಕಣ್ಣು ಬಿಟ್ಟಾಗ ಅಪ್ಪ ಮುಖಕ್ಕೆ ನೀರು ಹೊಡೆಯುತ್ತಿದ್ದ.

ಕಾಕಾನ ಕಾಟಾ: ಮೂವತ್ತಾರು. ತಿಂಗಳ ಶೇಂಗಾ, ತುಪ್ಪ, ಎಲ್ಲ ಮಣ್ಣುಪಾಲು. ಅವ್ವ ಚಹಾಕ್ಕೆ ಹಾಲು ಹಾಕುವುದನ್ನೇ ಬಿಟ್ಟಿದ್ದಾಳೆ, ನನಗೆ ಹೆಚ್ಚಾಗಲಿ ಅಂತ. ನೋಡಿ ಸಿಟ್ಟು ಬರುತ್ತದೆ. ಯಾರ ಮೇಲೆ ಅಂತ ಗೊತ್ತಿಲ್ಲ.

೨೦ ಫೆಬ್ರವರಿ

ನಾಳೆ ಸೀರೆ ಕೊಡುವ ದಿನ. ಅಪ್ಪ ಮಗ್ಗದ ಕುಣಿಗೆ— ಕಾಲಿಳಿಬಿಟ್ಟು ಕೂರುವ ತಗ್ಗಿಗೆ— ನೀರು ಚಿಮುಕಿಸಿ, ಅರಿವೆ ಹಾಸಿ, ಸೀರೆ ಇಟ್ಟು ಮುಚ್ಚಿದ. ಎಲ್ಲ ಮನೆಗಳಲ್ಲೂ ಮಾಡುವುದೇ. ಸಾವಕಾರ ರೇಷ್ಮೆ ತೂಗಿ ಕೊಡುತ್ತಾನೆ, ಸೀರೆ ತೂಗಿ ತೆಗೆದುಕೊಳ್ಳುತ್ತಾನೆ. ಕಡಿಮೆ ಬಂದರೆ ನಾವು ಕಳ್ಳರು. ಬೇಸಿಗೆಗೆ ರೇಷ್ಮೆ ಒಣಗಿ ತಾನೇ ಹಗುರಾಗುತ್ತದೆ ಅಂದರೆ ಕೇಳುವವನು ಯಾರು? ಒಂದು ರಾತ್ರಿ ಥಂಡಿಯಲ್ಲಿಟ್ಟರೆ ರೇಷ್ಮೆ ನೀರು ಕುಡಿದು ತೂಕಕ್ಕೆ ಬರುತ್ತದೆ.

“ಇದು ಕಳವಲ್ಲವಾ. ತಕ್ಕಡಿಗೆ ಬೇಕಾದ್ದು ತಕ್ಕಡಿಗೆ ಕೊಡೂದು, ಅಷ್ಟ” ಅಂದ ಅಪ್ಪ.

ಹೊತ್ತು ಮುಳುಗುವವರೆಗೂ ಕುಣಿಯನ್ನೇ ನೋಡುತ್ತ ಕೂತಿದ್ದೆ.

೨೨ ಫೆಬ್ರವರಿ, ಬಾಗಲಕೋಟೆ ಬಸ್ ಸ್ಟ್ಯಾಂಡ್

ಕುಡಿದೆ. ದವಾಖಾನೆಯ ಹಿಂದಿನ ನಳಕ್ಕೆ ಬಾಯಿ ಹಚ್ಚಿ. ಕುಡಿದು, ನಿಂತು, ಮತ್ತೆ ಕುಡಿದು. ಹೊಟ್ಟೆ ಡೋಲು. ನಡೆದರೆ ಒಳಗೆ ಕುಲುಕುವ ಸಪ್ಪಳ ನನಗೇ ಕೇಳಿಸುತ್ತಿತ್ತು.

ಮೂವತ್ತೊಂಬತ್ತೂವರೆ!

“ಶಾಣ್ಯಾ ಇದ್ದೀ! ಹಿಂಗ ತಿಂದ್ರ ಆತು ನೋಡು” ಅಂತ ಡಾಕ್ಟರು ಬೆನ್ನು ತಟ್ಟಿದರು. ತಟ್ಟಿದ್ದಕ್ಕೆ ನೀರು ಹೊರಗೇ ಬರುವುದರಲ್ಲಿತ್ತು. ಮಾರ್ಚ್ ಇಪ್ಪತ್ತಕ್ಕೆ ಬಂದು ದಾಖಲಾಗು ಅಂದಿದ್ದಾರೆ. ಇಪ್ಪತ್ತೊಂದಕ್ಕೆ ಆಪರೇಷನ್.

ಅವ್ವನಿಗೂ ಹೇಳಿಲ್ಲ. ಅವಳು ಅಲ್ಲೇ ಬೆಂಚಿನ ಮೇಲೆ ಕೂತು ಬಸವಣ್ಣಾ ಬಸವಣ್ಣಾ ಅನ್ನುತ್ತ ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ಆ ಮುಖ ನೋಡಿ ಹೇಳಲಿಕ್ಕಾಗುತ್ತದೆಯೇ?

೧ ಮಾರ್ಚ್

ನಿನ್ನೆ ಶಿವರಾತ್ರಿ. ಉಪವಾಸ ಬೇಡ ಅಂದಳು ಅವ್ವ. ಹಟ ಹಿಡಿದು ಮಾಡಿದೆ. ಡಾಕ್ಟರ ಮುಂದೆ ಮಾಡಿದ್ದು ದೇವರಿಗೆ ಕಂಡಿರುತ್ತದೆ, ಅವನನ್ನಾದರೂ ಒಲಿಸಿಕೊಳ್ಳೋಣ ಅಂತ. ಸಂಜೆ ಕಣ್ಣು ಕತ್ತಲೆ ಬಂದು ಬಾಗಿಲು ಹಿಡಿದು ನಿಂತೆ. ಸಿದ್ದಿ ನೋಡಿದಳು.

“ಅಕ್ಕಾ, ನಿನ್ನ ಮಾರಿ ಹಿಂಗ ಇದ್ರೂ ನಾ ಬಾಜೂಕ ನಿಂದ್ರಸ್ಕೊಳ್ತೇನಿ. ಬ್ಯಾಡ ಬಿಡ ಆಪರೇಷನ್ನ. ನಂಗ್ಯಾಕೋ ಅಂಜಿಕಿ ಬರಾಕತ್ತೈತಿ.”

ಕೆನ್ನೆಗೆ ಹೊಡೆಯಬೇಕೆನ್ನಿಸಿತು. ಸುಂದರ ಮುಖದವರಿಗೆ ಔದಾರ್ಯ ಬಹಳ ಸುಲಭ.

೧೮ ಮಾರ್ಚ್

ಕಾಕಾನ ಕಾಟಾ: ಮೂವತ್ತೆಂಟು. ಇದು ಖರೆ ತೂಕ. ನಾಲ್ಕು ಕಿಲೋ ನೀರು ಯಾವ ಹೊಟ್ಟೆ ಹಿಡಿಯುತ್ತದೆ?

ಕಾಕಾ ನಗಲಿಲ್ಲ ಈ ಸಲ. “ಭಾಳ ಸೊರಗೀ ಬೇಟಾ. ಇನ್ನೊಂದ್ ನಾಕ್ ತಿಂಗಳ ತಡಿಯಾಕ ಬರೂದಿಲ್ಲೇನು?” ಬರುವುದಿಲ್ಲ ಅಂದೆ. ತುಸು ಜೋರಾಗಿಯೇ ಅಂದೆ, ಪಾಪ.

೨೦ ಮಾರ್ಚ್, ಬಾಗಲಕೋಟೆ, ದವಾಖಾನೆ, ಸಂಜೆ

ಓಕುಳಿ ಮುಗಿದಿದೆ, ರಸ್ತೆಯೆಲ್ಲ ಇನ್ನೂ ಗುಲಾಬಿ. ದವಾಖಾನೆಯ ಮೆಟ್ಟಿಲ ಮೇಲೂ ಕೆಂಪು ಕಲೆ. ಅವ್ವ ಸುತ್ತಿ ಹಾಯ್ದು ಬಂದಳು, ತುಳಿಯಲಿಲ್ಲ.

ಬರುವಾಗ ನಳಕ್ಕೆ ಹೋಗಿಯೇ ಬಂದೆ. ನಲವತ್ತೊಂದು. ಡಾಕ್ಟರು ಕಾಟಾ ನೋಡಿದರು, ನನ್ನ ಕೈ ನೋಡಿದರು. ಕೈ ಕಡ್ಡಿಯಂತಿದೆ, ಅದಕ್ಕೆ ನೀರು ಕುಡಿಸಲು ಬರುವುದಿಲ್ಲ. ಹೊಟ್ಟೆ ಮೆಲ್ಲಗೆ ತಟ್ಟಿದರು.

“ನಾಳೆ ಮುಂಜಾನೆ ಖಾಲಿ ಹೊಟ್ಟೀಲೆ ಇನ್ನೊಮ್ಮೆ ತೂಗ್ತೀನಿ. ಒಂದ್ ಕಿಲೋ ನಾ ಬಿಡ್ತೀನಿ, ನಲವತ್ತೊಂದ ಇರ್ಲಿ. ಅದಕ್ಕೂ ಕಡಿಮಿ ಬಂದ್ರ ಊರಿಗೆ ಹೋಗೂದು. ಸಿಟ್ಟಾಗಬ್ಯಾಡ.”



ವಾರ್ಡಿನ ಆಯಾ ದಸ್ತಗೀರಬಿ. ದೊಡ್ಡ ಬಾಯಿ, ದೊಡ್ಡ ಮನಸ್ಸು. ಹಾಸಿಗೆ ಹಾಸಿಕೊಡುತ್ತ ಹೇಳಿದಳು: “ಈಗ ಉಂಡದ್ದ ಕಡೀದು ನೋಡವಾ. ಇನ್ನ ಹನಿ ನೀರ ಸೈತ ಇಲ್ಲ. ನಿದ್ದೀ ಸೂಜಿ ಮಾಡಿದ ಮ್ಯಾಲೆ ಹೊಟ್ಟ್ಯಾಗಿಂದು ಮ್ಯಾಲೆ ಬರ್ತೈತಿ, ಶ್ವಾಸಿನ್ಯಾಗ ಹೋಗ್ತೈತಿ. ಆಗ ಯಾ ಡಾಕ್ಟ್ರಿಗೂ ಏನೂ ಮಾಡಾಕ ಬರೂದಿಲ್ಲ. ಹ್ವಾದ ವರ್ಸ ರಾಮಥಾಳದ ಹುಡಗಂಗ ಅವರವ್ವ ಕದ್ದು ಒಂದ್ ಗ್ಲಾಸ್ ಹಾಲ ಕುಡಿಸಿದ್ಲು. ಹಸದೈತಿ ಕೂಸು ಅಂತ.”

“ಏನಾತು?” ಅಂದೆ.

ಅವಳು ಚಾದರ ಝಾಡಿಸಿದಳು.

೨೧ ಮಾರ್ಚ್, ಬೆಳಿಗ್ಗೆ

ಕುಡಿದೆ.

ರಾಮಥಾಳದ ಹುಡುಗ ಕುಡಿದದ್ದು ಹಾಲು. ಹಾಲಾದರೆ ಮೊಸರಿನಂತೆ ಗಟ್ಟಿಯಾಗಿ ಕೂರುತ್ತದೆ. ನೀರು ಇಳಿದುಹೋಗುತ್ತದೆ. ಅಲ್ಲದೆ ನನ್ನ ಸರದಿ ನಾಲ್ಕನೆಯದು, ಮಧ್ಯಾಹ್ನ ಆಗುತ್ತದೆ ಅಂದಿದ್ದಾರೆ. ಅಷ್ಟರಲ್ಲಿ ಎರಡು ಸಲ ಬಚ್ಚಲಿಗೆ ಹೋದರೆ ಹೊಟ್ಟೆ ಖಾಲಿ. ಎಲ್ಲ ಲೆಕ್ಕ ಹಾಕಿಯೇ ಕುಡಿದದ್ದು.

ತೂಗಿದರು. ಕಾಟಾದ ಮುಳ್ಳು ನಲವತ್ತೊಂದರ ಆಚೆ ಈಚೆ ಅಲುಗಿ, ನಲವತ್ತೊಂದಕ್ಕೇ ನಿಂತಿತು.

“ಖಾಲಿ ಹೊಟ್ಟಿ ಅಲ್ಲೇನು?”

“ಹೂಂ ರೀ.”

ಡಾಕ್ಟರು ನಕ್ಕರು. ಒಳ್ಳೆಯ ಮನುಷ್ಯ. “ತಂಗೀ ಲಗ್ನದಾಗ ನನಗೊಂದು ಫೋಟೋ ತೆಗೆಸಿ ಕಳಸು” ಅಂದರು. ಅಳು ಬಂತು, ಖುಷಿಗೆ.

ತುಸು ಹೊತ್ತಿಗೆ

ಬಚ್ಚಲಿಗೆ ಹೋಗಿ ಗಂಟಲಿಗೆ ಬೆರಳು ಹಾಕಿ ನೋಡಿದೆ. ಬಾಯಿ ಅಷ್ಟು ತೆರೆಯುವುದಿಲ್ಲ, ಕುತ್ತಿಗೆ ಬಗ್ಗುವುದಿಲ್ಲ. ತುಸು ಬಂತು ಅಷ್ಟೇ. ಹೊರಗೆ ದಸ್ತಗೀರಬಿ ಬಾಗಿಲು ಬಡಿದಳು. ಇರಲಿ. ಮಧ್ಯಾಹ್ನದವರೆಗೆ ಹೊತ್ತಿದೆ.

ಮತ್ತೆ

ಮೊದಲ ಸರದಿಯ ಮುದುಕನಿಗೆ ಜ್ವರವಂತೆ, ನಡುವಿನ ಇಬ್ಬರು ಇನ್ನೂ ತಯಾರಿಲ್ಲವಂತೆ. ನನ್ನನ್ನೇ ಮೊದಲು ಒಯ್ಯುತ್ತಾರಂತೆ. ಈಗಲೇ.

ಹಸಿರು ಅಂಗಿ ತೊಡಿಸಿದ್ದಾರೆ. ದಸ್ತಗೀರಬಿ ಮುಖದ ಹತ್ತಿರ ಬಂದು ಕೇಳಿದಳು: “ಏನೂ ಕುಡದಿಲ್ಲ ಹೌದಿಲ್ಲೋ? ಖರೆ ಹೇಳವಾ, ಬೈಯೂದಿಲ್ಲ.”

ಬಾಗಿಲಲ್ಲಿ ಅವ್ವ ನಿಂತಿದ್ದಳು. ವಿಭೂತಿ ಹಚ್ಚಲು ಕೈ ಮುಂದೆ ಮಾಡಿದ್ದಳು. ಇಲ್ಲ ಅಂದೆ.

ಅಕ್ಷರ ಓಡುತ್ತಿಲ್ಲ. ಈಗ ಹೇಳಿದರೆ ಊರಿಗೆ. ಡಾಕ್ಟರು ಮತ್ತೆ ಬರುವುದಿಲ್ಲ. ವೈಶಾಖಕ್ಕೆ ಅಡಿಗೆಮನೆ... ಆಮೇಲೆ ಇಡೀ ಜನ್ಮ ಅಡಿಗೆಮನೆ.

ಹೇಳುತ್ತೇನೆ. ಅವ್ವನ ಮುಂದೆ ಬೇಡ. ಒಳಗೆ ಹೋದ ಮೇಲೆ ಡಾಕ್ಟರಿಗೇ ಹೇಳುತ್ತೇನೆ, ಸಿಟ್ಟಾಗಲಿಕ್ಕಿಲ್ಲ ಅವರು. ಎರಡು ತಾಸು ತಡೆಯಿರಿ ಅಂದರೆ ತಡೆದಾರು. ಗಾಡಿ ಬಂತು. “ಬರಿಯೂದ ಸಾಕ್ ಮಾಡವಾ” ಅನ್ನುತ್ತಿದ್ದಾಳೆ ದಸ್ತಗೀರಬಿ. ಸೂಜಿ ಹಾಕುವುದಕ್ಕಿಂತ ಮೊದಲು ಖಂಡಿತ ಹೇಳುತ್ತೇ—